ಮಿಡಿತದ ದರ

ಪರದೆಯ ಮೇಲಿನ ಅಂಕಿ ಎಂಟುನೂರರಿಂದ ಏಳುನೂರ ಐವತ್ತಕ್ಕೆ ಇಳಿಯಿತು. ನೀಲಾಂಬಿಕಾ ಒಂದು ಕಣ್ಣನ್ನು ಅದರ ಮೇಲಿಟ್ಟು, ಇನ್ನೊಂದನ್ನು ಒಲೆಯ ಮೇಲಿನ ಹಾಲಿಗೆ ಕೊಟ್ಟು ನಿಂತಿದ್ದಳು. ಹಾಸಿಗೆ ಮಾಡುವ ಕಂಪನಿಯೊಂದಕ್ಕೆ ಹನ್ನೆರಡು ಪುಟದ ಪುಸ್ತಿಕೆ ಬರೆದುಕೊಡುವ ಕೆಲಸ. ಹತ್ತು ಗಂಟೆಗೆ ಸವಾಲು, ಅಂದರೆ ದರದ ಹರಾಜು, ತೆರೆದಾಗ ಎರಡು ಸಾವಿರ ರೂಪಾಯಿ ಇತ್ತು. ಅಂಕಿಯ ಕೆಳಗೆ ಸಣ್ಣ ಅಕ್ಷರದ ಸಾಲೊಂದು ಬದಲಾಗುತ್ತಲೇ ಇತ್ತು: 'ನಿಮಗಿಂತ ಕಡಿಮೆಗೆ ಬರೆಯಲು ಇಪ್ಪತ್ತಾರು ಜನ ಸಿದ್ಧರಿದ್ದಾರೆ.'

ಏಳುನೂರು. ಇಪ್ಪತ್ತೊಂಬತ್ತು ಜನ.

ಎಡ ಮಣಿಕಟ್ಟಿನ ಕರಿಯ ಪಟ್ಟಿ ಬೆಚ್ಚಗಾಗಿತ್ತು. ಅದರ ಅಡಿಯಲ್ಲಿ ನಾಡಿ ಓಡುತ್ತಿರುವುದು ಅವಳಿಗೇ ಗೊತ್ತಾಗುತ್ತಿತ್ತು. ಆರುನೂರ ಐವತ್ತಕ್ಕೆ ಬಂದಾಗ ಅವಳು 'ಒಪ್ಪಿದೆ' ಒತ್ತಿದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.

"ಮತ್ತ ಸೋವಿ ಆಗಿ ಹೋದೇನ?" ಎಂದು ಒಳಗಿನಿಂದ ಅತ್ತೆ ಬಸಲಿಂಗವ್ವ ಕೇಳಿದರು. ಹಾಲು ಸೀದ ವಾಸನೆಗಿಂತ ಮೊದಲು ಸೊಸೆಯ ಉಸಿರಿನ ಸದ್ದು ಅವರಿಗೆ ಮುಟ್ಟಿತ್ತು.

"ಆದೆರಿ ಅತ್ತಿ."

ಯಂತ್ರಗಳು ಬರೆಯಲು ಕಲಿತು ಬಹಳ ಕಾಲವಾಗಿತ್ತು. ಅವು ಬರೆದದ್ದು ಊರ ತುಂಬ ಬಿದ್ದಿತ್ತು, ಓದುವವರಿಗೆ ಅದು ಸಪ್ಪೆಯಾಗಿತ್ತು. ಹಾಗಾಗಿ ಮನುಷ್ಯರು ಬರೆದ ಮಾತಿಗೆ ಮತ್ತೆ ಬೆಲೆ ಬಂತು. ಆದರೆ ಬರೆದವರು ಮನುಷ್ಯರೇ ಎಂದು ತೋರಿಸುವುದು ಹೇಗೆ? ಅದಕ್ಕಾಗಿ ಬರಹ ಮಾರುವ 'ಬರಹಪೇಟೆ' ಎಂಬ ಜಾಲತಾಣದವರು ಈ ಪಟ್ಟಿ ತಂದರು. ಬರೆಯುವಾಗಿನ ನಾಡಿ, ಚರ್ಮದ ಬೆವರು, ಬೆರಳಿನ ಸಣ್ಣ ನಡುಕ, ಎಲ್ಲವನ್ನೂ ಅದು ಓದಿ ಒಂದು ಗೆರೆಯಾಗಿ ಬರಹದ ಜೊತೆ ಹೆಣೆಯುತ್ತಿತ್ತು. ಅದಕ್ಕೆ 'ಮಿಡಿತದ ಮುದ್ರೆ' ಎಂದು ಹೆಸರು. ಮುದ್ರೆ ಇಲ್ಲದ ಬರಹವನ್ನು ಯಾರೂ ಕೊಳ್ಳುತ್ತಿರಲಿಲ್ಲ. ಸವಾಲು ಕೂಗುವಾಗಲೂ ಪಟ್ಟಿ ಕಟ್ಟಿಕೊಂಡಿರಬೇಕು ಎಂಬುದು ಕರಾರು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ನೀಲಾಂಬಿಕಾ ಮೊದಲು ದುರ್ಗದಬೈಲಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಅದು ಬಾಗಿಲು ಹಾಕಿದ ಮೇಲೆ ಬರಹಪೇಟೆಗೆ ಬಂದಳು. ಏಳು ವರ್ಷವಾಯಿತು. ಉಪ್ಪಿನಕಾಯಿ ಬಾಟಲಿಯ ಚೀಟಿ, ನಿವೃತ್ತಿಯ ದಿನದ ಭಾಷಣ, ಲಗ್ನಪತ್ರಿಕೆಯ ಒಕ್ಕಣೆ, ಯಾರದೋ ಕ್ಷಮಾಪಣೆಯ ಪತ್ರ, ಎಲ್ಲ ಬರೆದಿದ್ದಳು. ನಡುನಡುವೆ ಮಕ್ಕಳಿಗೊಂದು ಕಥೆ ಬರೆಯುವ ಕೆಲಸ ಸಿಕ್ಕರೆ ಅವತ್ತು ಅವಳ ಚಪಾತಿಗಳೂ ದುಂಡಗೆ ಬರುತ್ತಿದ್ದವು. ಗಂಡ ಈರಣ್ಣ ರೈಲ್ವೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಮನೆಗೆ ಉಪವಾಸ ಇರಲಿಲ್ಲ. ಆದರೆ ಬರೆಯುವವಳು ಎಂದು ಅವಳನ್ನು ಲೋಕಕ್ಕೆ ಗುರುತು ಹೇಳುತ್ತಿದ್ದುದು ಆ ಮುದ್ರೆಯೊಂದೇ.

ಎಂಟು ತಿಂಗಳ ಹಿಂದೆ ಇಬ್ಬನಿ ಹುಟ್ಟಿದ ಮೇಲೆ ಅವಳು ಒಂದು ಸಂಗತಿ ಗಮನಿಸಿದಳು. ಕೂಸಿಗೆ ಜ್ವರ ಇದ್ದ ದಿನ, ಈರಣ್ಣನ ಪಾಳಿ ಬದಲಾಗಿ ಜಗಳವಾದ ದಿನ, ಕೆಲಸವಿಲ್ಲದೆ ಹತ್ತು ದಿನ ಕಳೆದ ಮೇಲೆ ಬಂದ ಸವಾಲಿನ ದಿನ ಅಂಕಿ ದಡದಡ ಇಳಿಯುತ್ತಿತ್ತು. ಮನಸ್ಸು ನಿರಾಳ ಇದ್ದ ದಿನ ನಿಧಾನ ಇಳಿಯುತ್ತಿತ್ತು. ಪಟ್ಟಿ ನಾಡಿಯನ್ನು ಓದುತ್ತದೆ. ನಾಡಿಯಲ್ಲಿ ಗರಜು, ಅಂದರೆ ಎಷ್ಟು ಬೇಕಾಗಿದೆ ಎಂಬುದು, ಕಾಣುತ್ತದೆ. ಗರಜು ಕಂಡಷ್ಟೂ ದರ ಇಳಿಯುತ್ತದೆ. ಹಾಗಾದರೆ ಶಾಂತವಾದ ಒಂದು ನಾಡಿ ಸಿಕ್ಕರೆ?

ಮಧ್ಯಾಹ್ನದ ಹೊತ್ತು ಇಬ್ಬನಿ ತೊಟ್ಟಿಲಲ್ಲಿ ಮಲಗಿದ್ದಳು. ಬಾಯಿ ಅರ್ಧ ತೆರೆದು, ಮುಷ್ಟಿ ಸಡಿಲ ಬಿಟ್ಟು, ಲೋಕದ ಚಿಂತೆಯೇ ಇಲ್ಲದ ನಿದ್ದೆ. ಆ ಹೊತ್ತಿಗೆ ಸೋಪಿನ ಕಂಪನಿಯೊಂದರ ಸವಾಲು ತೆರೆಯಿತು. ನೀಲಾಂಬಿಕಾ ಪಟ್ಟಿ ಬಿಚ್ಚಿ, ಕೂಸಿನ ಕಣಕಾಲಿಗೆ ಮೆತ್ತಗೆ ಸುತ್ತಿ, ಪರದೆಯ ಮುಂದೆ ಬಂದು ಕುಳಿತಳು. ಇಷ್ಟು ಶಾಂತವಾದ ಜೀವ ಈ ಹುಬ್ಬಳ್ಳಿಯಲ್ಲಿ ಇನ್ನೊಂದಿಲ್ಲ ಎಂಬ ಭರವಸೆ ಅವಳದು.

ಸಾವಿರದ ಐನೂರು ಇದ್ದದ್ದು ಎರಡೇ ನಿಮಿಷದಲ್ಲಿ ನಾನೂರಕ್ಕೆ ಬಂತು. 'ನಿಮಗಿಂತ ಕಡಿಮೆಗೆ ಅರವತ್ತಮೂರು ಜನ.' ಮುನ್ನೂರು. ಅವಳು ಗಾಬರಿಯಾಗಿ ತೊಟ್ಟಿಲ ಹತ್ತಿರ ಓಡಿ ಪಟ್ಟಿ ಕಿತ್ತಳು. ಕೂಸು ಎದ್ದು ಮನೆ ಒಂದು ಮಾಡಿತು.

ಬಸಲಿಂಗವ್ವ ಮೊಮ್ಮಗಳನ್ನು ಎತ್ತಿಕೊಂಡು, ಎದೆಯ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ನಗತೊಡಗಿದರು.

"ಎಂಥಾ ಶ್ಯಾಣೇಕಿ ಇದ್ದೀಯವ್ವಾ. ಹಡದಾಕಿ ನೀನು, ಕೂಸಿನ ಎದಿ ಹೆಂಗ ಹಾರತೈತಿ ಅಂತ ಗೊತ್ತಿಲ್ಲೇನು? ಮಲಗಿದ್ದರೂ ಗುಬ್ಬಿ ಎದಿ ಅದು. ನಿಮಿಷಕ್ಕ ನೂರರ ಮ್ಯಾಲ. ಆ ಯಂತ್ರ ನಿನಗ ಜೀವಾ ಹೋಗಾಕತ್ತೈತಿ ಅಂತ ತಿಳಕೊಂಡಿರಬೇಕು."

ನೀಲಾಂಬಿಕಾಗೂ ನಗು ಬಂತು, ಅಳುವೂ ಬಂತು. ಯಾರ ಮುಂದೂ ಹೇಳದೆ ಇದ್ದದ್ದನ್ನೆಲ್ಲ ಅತ್ತೆಯ ಮುಂದೆ ಹೇಳಿದಳು. ಬಸಲಿಂಗವ್ವ ಅವರೆಕಾಯಿ ಬಿಡಿಸುತ್ತ ಕೇಳಿದರು.

"ನಮ್ಮಪ್ಪ ಎತ್ತಿನ ದಲಾಲಿ ಮಾಡತಿದ್ದ," ಎಂದರು ಕೊನೆಗೆ. "ಸಂತ್ಯಾಗ ದರ ಬಾಯಿಲೆ ಹೇಳೂದಿಲ್ಲ. ಕೈ ಮ್ಯಾಲ ಟವೆಲ್ ಹೊಚ್ಚತಾರ. ಅದರೊಳಗ ಬೆರಳ ಹಿಡದು ವ್ಯವಹಾರ. ಸುತ್ತ ನಿಂತವರಿಗೆ ಏನೂ ಕಾಣಬಾರದು. ಕೊಡಾವನ ಗರಜು ಕೊಳ್ಳಾವಗ ಕಂಡರ ಎತ್ತು ಹೋತು ಅಂತನ ಲೆಕ್ಕ. ನೀ ನೋಡಿದರ ಎದಿ ಬಿಚ್ಚಿ ಪ್ಯಾಟ್ಯಾಗ ಇಟ್ಟೀದಿ. ಟವೆಲ್ ಎಲ್ಲೈತಿ ನಿಂದು?"

"ಟವೆಲ್ ಹಾಕಿದರ ಪಟ್ಟಿ ಓದಾಂಗಿಲ್ರಿ."

ಬಸಲಿಂಗವ್ವ ತಮ್ಮ ಕೈಯನ್ನೇ ಮುಂದೆ ಚಾಚಿದರು. "ಇದಕ್ಕ ಕಟ್ಟು. ರಕ್ತದೊತ್ತಡದ ಗುಳಿಗಿ ನುಂಗಿ ನುಂಗಿ ನನ್ನ ನಾಡಿ ಐವತ್ತರ ಮ್ಯಾಲ ಏಳೂದಿಲ್ಲ ಅಂತ ಡಾಕ್ಟರ ಹೇಳ್ಯಾರ."

ಮರುದಿನದ ಸವಾಲಿನಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತ ಕುಳಿತರು, ಸೊಸೆ ಪರದೆ ನೋಡುತ್ತ ಕುಳಿತಳು. ಎರಡು ಸಾವಿರ ಇದ್ದದ್ದು ಸಾವಿರದ ಒಂಬೈನೂರಕ್ಕೆ ಬಂದು ಕಲ್ಲಿನ ಹಾಗೆ ನಿಂತಿತು. 'ನಿಮಗಿಂತ ಕಡಿಮೆಗೆ ಮೂರು ಜನ.' ನೀಲಾಂಬಿಕಾ 'ಒಪ್ಪಿದೆ' ಒತ್ತಿದಳು. ಅತ್ತೆ ಇನ್ನೊಂದು ಅವರೆಕಾಯಿ ಬಿಡಿಸಿದರು.

ಹಾಗೆಯೇ ಎರಡು ತಿಂಗಳು ನಡೆಯಿತು. ಅವಳು ಕೂಸಿಗೆ ಎಣ್ಣೆ ಹಚ್ಚುತ್ತ ವಾಕ್ಯ ಕಟ್ಟುತ್ತಿದ್ದಳು, ಬಟ್ಟೆ ಒಣಹಾಕಿ ಬಂದು ಬರೆಯುತ್ತಿದ್ದಳು. ಬರೆಯುವಾಗ ಪಟ್ಟಿ ಅವಳದೇ ಕೈಗೆ ಬರುತ್ತಿತ್ತು. ಅದರಲ್ಲಿ ಮೋಸವಿರಲಿಲ್ಲ.

ಆಮೇಲೆ ಆ ಕೆಲಸ ಬಂತು. ದೊಡ್ಡದೊಂದು ಮಕ್ಕಳ ಆಸ್ಪತ್ರೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಮಕ್ಕಳಿಗೆ ದಿನಕ್ಕೊಂದು ಓದಿ ಹೇಳಲು ಅರವತ್ತು ಕಥೆ ಬೇಕು. ಯಂತ್ರದ ಕಥೆಯನ್ನು ಮಕ್ಕಳು ಎರಡನೇ ದಿನವೇ ಒಲ್ಲೆ ಎನ್ನುತ್ತಿದ್ದರಂತೆ. ನೀಲಾಂಬಿಕಾ ಮಾದರಿಗೆ ಒಂದು ಕಥೆ ಕಳಿಸಿದಳು. ತನ್ನ ನೆರಳು ಗಿಡ್ಡ ಆಯಿತೆಂದು ಮಧ್ಯಾಹ್ನದ ಜೊತೆ ಜಗಳಕ್ಕೆ ಹೋದ ಒಂದು ಕತ್ತೆಮರಿಯ ಕಥೆ. ಬರೆದು ಮುಗಿಸಿದಾಗ ಅನ್ನ ಹೊತ್ತಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಆರು ತಿಂಗಳು ಇಂಥದ್ದನ್ನೇ ಬರೆಯುವುದು! ಹಾಸಿಗೆ ಇಲ್ಲ, ಸೋಪು ಇಲ್ಲ.

ಸವಾಲು ತೆರೆಯುವ ಎರಡು ದಿನ ಮೊದಲು ಬರಹಪೇಟೆಯಿಂದ ನೋಟಿಸು ಬಂತು.

'ಸವಾಲು ಕೂಗುವಾಗಿನ ನಿಮ್ಮ ಮಿಡಿತವೂ ಬರೆಯುವಾಗಿನ ಮಿಡಿತವೂ ಹೊಂದುತ್ತಿಲ್ಲ. ಗುರುವಾರ ಹನ್ನೊಂದಕ್ಕೆ ಧಾರವಾಡದ ತಪಾಸಣಾ ಕೇಂದ್ರಕ್ಕೆ ಬರಬೇಕು. ಬಾರದಿದ್ದರೆ ಮುದ್ರೆ ರದ್ದಾಗುತ್ತದೆ.'

ರದ್ದಾದರೆ ಅಷ್ಟೇ. ಏಳು ವರ್ಷದ ಬರಹದ ಮೇಲಿನ ಮುದ್ರೆಯೂ ಹೋಗುತ್ತದೆ. ಇವಳು ಬರೆದದ್ದೆಲ್ಲ ಯಂತ್ರದ್ದೆಂದು ಆಗುತ್ತದೆ. ಮತ್ತೆ ಅರ್ಜಿ ಹಾಕುವ ಹಾಗಿಲ್ಲ.

"ನಾನೂ ಬರ್ತೇನಿ," ಎಂದರು ಬಸಲಿಂಗವ್ವ. "ಕೈ ನಂದು. ತಪ್ಪೂ ನಂದು."

"ನಿಮ್ಮನ್ನ ಯಾರೂ ಬೈಯೂದಿಲ್ರಿ ಅತ್ತಿ. ಕೂಸಿನ್ನ ಹಿಡಕೊಳ್ಳಾಕ ಬರ್ರಿ ಸಾಕು."

ಗುರುವಾರ ಮೂವರೂ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದರು. ಕೇಂದ್ರ ಮೂರನೇ ಮಹಡಿಯಲ್ಲಿತ್ತು. ಅತ್ತೆ ಕೂಸಿನೊಂದಿಗೆ ಹೊರಗಿನ ಬೆಂಚಿನ ಮೇಲೆ ಕುಳಿತರು. ನೀಲಾಂಬಿಕಾ ಒಳಗೆ ಹೋದಳು. ಕಿಟಕಿಯಿಲ್ಲದ ತಣ್ಣನೆಯ ಕೋಣೆ. ಗೋಡೆ ತುಂಬ ಪರದೆಗಳು. ಅವುಗಳ ಮೇಲೆ ನೂರಾರು ಹಸಿರು ಗೆರೆಗಳು ಕುಣಿಯುತ್ತಿದ್ದವು. ಒಂದೊಂದು ಗೆರೆಯೂ ಆ ಹೊತ್ತಿನಲ್ಲಿ ಎಲ್ಲೋ ಕೂತು ಸವಾಲು ಕೂಗುತ್ತಿದ್ದ ಒಬ್ಬ ಬರಹಗಾರನ ಎದೆ.

ಮೇಜಿನ ಹಿಂದೆ ಇಪ್ಪತ್ತೈದರ ಒಬ್ಬ ಹುಡುಗಿ ಇದ್ದಳು. ತಪಾಸಣೆಯ ತಂತ್ರಜ್ಞೆ. ಎದೆಯ ಮೇಲಿನ ಚೀಟಿಯಲ್ಲಿ 'ಸಾನಿಯಾ ನದಾಫ' ಎಂದಿತ್ತು.

"ಕೂಡ್ರಿ ಅಕ್ಕಾರ. ನೀರು ಬೇಕೇನ್ರಿ?"

"ಬ್ಯಾಡ."

ಸಾನಿಯಾ ತನ್ನ ಪರದೆಯನ್ನು ಇವಳ ಕಡೆ ತಿರುಗಿಸಿದಳು. ಎರಡು ಗೆರೆ. "ಇದು ನೀವು ಬರಿಯಾಗಿಂದು. ಎಂಬತ್ತೆಂಟು, ತೊಂಬತ್ತು. ಇದು ಸವಾಲಿಂದು. ಐವತ್ತೆರಡು. ಅಕ್ಕಾರ, ಐವತ್ತೆರಡು ಅಂದರ ಓಟದ ಸ್ಪರ್ಧಿಗಳಿಗೆ ಇರತೈತಿ. ನೀವು ಓಡತೀರೇನು?"

"ಓಡತೇನಿ. ಒಲಿ ಹತ್ರಿಂದ ತೊಟ್ಟಿಲಕ್ಕ." ಎಂದಳು ನೀಲಾಂಬಿಕಾ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಪಟ್ಟಿ ನಮ್ಮ ಅತ್ತಿಯವರ ಕೈಯಾಗ ಇತ್ತು. ಬರದದ್ದು ನಾನ. ಒಂದೊಂದು ಅಕ್ಷರಾನೂ ನಾನ."

ಸಾನಿಯಾ ನಿಯಮ ಹೇಳಿದಳು. ಮೊದಲನೇ ತಪ್ಪಿಗೆ ಮರುಪರೀಕ್ಷೆ. ಈಗ ಇಲ್ಲೇ, ನೀಲಾಂಬಿಕಾ ಪಟ್ಟಿಯನ್ನು ತನ್ನದೇ ಕೈಗೆ ಕಟ್ಟಿಕೊಂಡು, ನಿಜವಾದ ಒಂದು ಸವಾಲನ್ನು ಕೊನೆಯವರೆಗೆ ನಡೆಸಬೇಕು. ಮಿಡಿತ ಬರೆಯುವ ಕೈಯದಕ್ಕೆ ಹೊಂದಿದರೆ ಮುದ್ರೆ ಉಳಿಯುತ್ತದೆ.

"ಯಾವ ಸವಾಲು?"

"ನಿಮ್ಮ ಹೆಸರಿಗೆ ಇವತ್ತು ಒಂದ ಐತಿ. ಆಸ್ಪತ್ರಿದು. ಅರವತ್ತು ಕಥಿ."

ನೀಲಾಂಬಿಕಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎದೆ ಶಾಂತವಾದರೆ ದರ ನಿಲ್ಲುತ್ತದೆ, ಆದರೆ ಆ ಎದೆ ತನ್ನದಲ್ಲ ಎಂದು ಮುದ್ರೆ ಹೋಗುತ್ತದೆ. ಎದೆ ತನ್ನ ಹಾಗೆ ಹೊಡೆದುಕೊಂಡರೆ ಮುದ್ರೆ ಉಳಿಯುತ್ತದೆ, ದರ ನೆಲಕ್ಕೆ ಬೀಳುತ್ತದೆ. ಒಪ್ಪಿದ ದರಕ್ಕೆ ಅರವತ್ತೂ ಕಥೆ ಬರೆದು ಮುಗಿಸಲೇಬೇಕು. ಆರು ತಿಂಗಳು.

ಸಾನಿಯಾ ಪಟ್ಟಿ ತರಲು ಕಪಾಟಿನ ಕಡೆ ತಿರುಗಿದಳು. ಪರದೆ ಇವಳ ಕಡೆಗೇ ಇತ್ತು. ಹತ್ತಾರು ವರ್ಷ ಕರಡು ತಿದ್ದಿದ ಕಣ್ಣು. ಅಕ್ಷರ ಕಂಡರೆ ಓದದೆ ಬಿಡುವುದಿಲ್ಲ. ಗೆರೆಗಳ ಕೆಳಗೆ ಸಣ್ಣ ಅಕ್ಷರದ ಚೌಕಟ್ಟೊಂದಿತ್ತು.

'ಗ್ರಾಹಕರ ಆಯ್ಕೆ: ಈ ಬರಹಗಾರ್ತಿಯೇ ಬೇಕು.
ಇತರ ಸವಾಲುದಾರರು: ಸೊನ್ನೆ.
ತೋರಿಸಬೇಕಾದ ಸವಾಲುದಾರರು: ಮಿಡಿತದ ಪ್ರಕಾರ.'

ಅವಳು ಇನ್ನೊಮ್ಮೆ ಓದಿದಳು. ಕರಡಿನಲ್ಲಿ ತಪ್ಪು ಕಂಡಾಗ ಮಾಡುತ್ತಿದ್ದ ಹಾಗೆ ಬೆರಳಿಟ್ಟು ಓದಿದಳು.

"ಸಾನಿಯಾ, ಹಾಸಿಗಿ ಕಂಪನಿ ಸವಾಲಿನಾಗ ಇಪ್ಪತ್ತೊಂಬತ್ತು ಜನ ಇದ್ದರಲ್ಲ, ಅವರು ಯಾರು?"

ಹುಡುಗಿ ತಿರುಗಿದಳು. ಬೆರಳು ಎಲ್ಲಿದೆ ಎಂದು ನೋಡಿದಳು. ಪರದೆಯನ್ನು ನಿಧಾನವಾಗಿ ತನ್ನ ಕಡೆ ಎಳೆದುಕೊಂಡಳು.

"ಅದನ್ನ ನೀವು ನೋಡಬಾರದಿತ್ತರಿ."

"ಯಾರೂ ಇರಲಿಲ್ಲೇನು?"

"ಒಮ್ಮೊಮ್ಮೆ ಇರತಾರ." ಸಾನಿಯಾ ಧ್ವನಿ ತಗ್ಗಿಸಿದಳು. "ನಿಮ್ಮ ಸವಾಲುಗಳಾಗ ಭಾಳ ಸಲ ಇದ್ದಿಲ್ಲ. ಗ್ರಾಹಕರು ಪೂರಾ ರೊಕ್ಕ ಮೊದಲ ಕಟ್ಟಿರತಾರ. ನಿಮ್ಮ ಎದಿ ಎಷ್ಟಕ್ಕ ಒಪ್ಪತೈತಿ ಅಂತ ನೋಡೂದ ಈ ಯಂತ್ರದ ಕೆಲಸ. ಉಳಿದದ್ದು ತಾಣಕ್ಕ. ನಾ ಬರೇ ಪಟ್ಟಿ ತಪಾಸಣಿ ಮಾಡಾಕಿ ಅಕ್ಕಾರ. ಮನ್ಯಾಗ ನನಗೂ ಮೂರು ಮಂದಿ ಅದಾರ."

ನೀಲಾಂಬಿಕಾ ತಲೆಯಾಡಿಸಿದಳು. ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಏಳು ವರ್ಷ ಅವಳು ಖಾಲಿ ಅಂಗಡಿಯಲ್ಲಿ ಯಾರನ್ನೋ ಹಿಂದೆ ಹಾಕಲು ಓಡಿದ್ದಳು. ಕೂಸು ಅಳುವಾಗ ಓಡಿದ್ದಳು, ಹಾಲು ಉಕ್ಕುವಾಗ ಓಡಿದ್ದಳು. ಜೊತೆಗೆ ಓಡುತ್ತಿದ್ದದ್ದು ಅವಳದೇ ಎದೆ.

ಸಾನಿಯಾ ಪಟ್ಟಿ ಕಟ್ಟಿದಳು. ಸವಾಲು ತೆರೆಯಿತು.

ಕಥೆಗೆ ಮೂರು ಸಾವಿರ. 'ನಿಮಗಿಂತ ಕಡಿಮೆಗೆ ಹನ್ನೊಂದು ಜನ.'

ಯಾರೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಎದೆಗೆ ಗೊತ್ತಿರಲಿಲ್ಲ. ಅದು ಹೇಳಿದ್ದನ್ನು ಕೇಳುವ ಜಾತಿಯದಲ್ಲ. ತೊಂಬತ್ತೆರಡು. ತೊಂಬತ್ತೆಂಟು. ಎರಡು ಸಾವಿರದ ಇನ್ನೂರು. ಹದಿನೇಳು ಜನ. ಹೊರಗೆ ಇಬ್ಬನಿ ಕೇಕೆ ಹಾಕಿದ್ದು ಬಾಗಿಲ ಸಂದಿಯಿಂದ ಕೇಳಿಸಿತು, ನೂರಾ ಮೂರು. ಸಾವಿರದ ಆರುನೂರು.

"ಹೊಂದಾಕತ್ತೈತಿ," ಎಂದು ಸಾನಿಯಾ ಮೆಲ್ಲಗೆ ಹೇಳಿದಳು. "ಸವಾಲಿನ ಅವಸರಕ್ಕ ಹೆಚ್ಚಾದದ್ದು ನಡೀತೈತಿ. ಇದು ನಿಮ್ಮ ಎದಿನ. ಮುದ್ರಿ ಉಳಿತೈತಿ. ನಿಮಗ ಯಾವಾಗ ಬೇಕೋ ಒಪ್ಪಿ ಮುಗಸ್ರಿ."

ಸಾವಿರದ ನೂರು. ಮೂವತ್ತೆಂಟು ಜನ. ಅಂಗೈ ಬೆವರಿತ್ತು. ಎಂಟುನೂರು. ಏಳುನೂರು. ಇಲ್ಲಿಗೆ ಬಂದಾಗ ಅವಳು ಯಾವಾಗಲೂ ಒಪ್ಪಿದ್ದಾಳೆ, ಅದು ಯಂತ್ರಕ್ಕೆ ಬಾಯಿಪಾಠ. ಅಂಕಿ ಆರುನೂರ ಐವತ್ತಕ್ಕೆ ಬಂದು ನಿಂತಿತು. 'ಒಪ್ಪಿದೆ' ಎಂಬ ಹಸಿರು ಗುಂಡಿ ದೊಡ್ಡದಾಗಿ ಮಿನುಗತೊಡಗಿತು.

ಅದರ ಪಕ್ಕದಲ್ಲಿ ಬೂದು ಬಣ್ಣದ ಇನ್ನೊಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಹೆಸರು ತಳಕ್ಕೆ ಹೋಗುತ್ತದೆ, ತಿಂಗಳುಗಟ್ಟಲೆ ಕೆಲಸವೇ ಕಾಣುವುದಿಲ್ಲ ಎಂದು ಬರಹಗಾರರ ಗುಂಪುಗಳಲ್ಲಿ ಎಲ್ಲರೂ ಹೇಳುತ್ತಿದ್ದರು. ಒತ್ತಿದವರನ್ನು ಮಾತ್ರ ಅವಳು ಕಂಡಿರಲಿಲ್ಲ. ಕತ್ತೆಮರಿಯ ಕಥೆ ನೆನಪಾಯಿತು. ಅದನ್ನು ಬರೆದ ಮಧ್ಯಾಹ್ನ ನೆನಪಾಯಿತು. ಆ ಕೆಲಸ ಬೇಕಿತ್ತು ಅವಳಿಗೆ. ಅರವತ್ತಕ್ಕೆ ಅರವತ್ತೂ ಬೇಕಿತ್ತು. ಅಷ್ಟು ಬೇಕಾಗಿದೆ ಎಂದು ಗೋಡೆಯ ಮೇಲಿನ ಗೆರೆಯೇ ಊರಿಗೆಲ್ಲ ಸಾರುತ್ತಿತ್ತು.

ಎದೆಯನ್ನು ತಡೆಯಲು ಅವಳಿಂದ ಆಗಲಿಲ್ಲ. ಬೆರಳು ಮಾತ್ರ ಅವಳದಾಗಿತ್ತು.

ನೂರಾ ಹದಿನಾಲ್ಕರ ಮಿಡಿತದಲ್ಲಿ ಅವಳು 'ಒಲ್ಲೆ' ಒತ್ತಿದಳು.

ಅಂಕಿ ತುಸು ತಡೆದು ಆರುನೂರಕ್ಕೆ ಇಳಿಯಿತು. ಐವತ್ತೊಂದು ಜನ. ಒಲ್ಲೆ. ಐನೂರ ಐವತ್ತು. ಐವತ್ತೆಂಟು ಜನ. ಒಲ್ಲೆ. ಅಂಕಿ ಮೇಲೆ ಹೋಯಿತು, ಒಂಬೈನೂರು, ಒಲ್ಲೆ. ಮತ್ತೆ ಕೆಳಗೆ ಬಂತು. ಇಷ್ಟು ಓಡುವ ಎದೆ 'ಒಲ್ಲೆ' ಎನ್ನುವುದನ್ನು ಆ ಯಂತ್ರ ಎಂದೂ ಕಂಡಿರಲಿಲ್ಲ. ಹಸಿರು ಗುಂಡಿ ಮಿನುಗುವುದನ್ನು ನಿಲ್ಲಿಸಿತು. ಸಮಯ ಮುಗಿಯಿತು. 'ಸವಾಲು ಇತ್ಯರ್ಥವಾಗಿಲ್ಲ' ಎಂಬ ಸಾಲು ಮೂಡಿತು.

ಸಾನಿಯಾ ಪರದೆಯ ಮೇಲಿನ ಎರಡೂ ಗೆರೆಗಳನ್ನು ಹೋಲಿಸಿ ನೋಡಿದಳು.

"ಮುದ್ರಿ ಉಳಿತು," ಎಂದಳು ಸಾನಿಯಾ. ಪಟ್ಟಿಯ ಬಕ್ಕಲು ಬಿಚ್ಚಿದಳು. "ಕೆಲಸದ ಬಗ್ಗೆ ನನಗ ಗೊತ್ತಿಲ್ರಿ ಅಕ್ಕಾರ. ಹಿಂಗ ಆಗಿದ್ದು ನಾ ನೋಡಿಲ್ಲ. ಈಗ ಯಂತ್ರ ಏನ ಮಾಡತೈತೋ."

"ಹೋದರ ಹೋತು," ಎಂದಳು ನೀಲಾಂಬಿಕಾ. ಹೋದರೆ ಎಷ್ಟು ನೋವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎದ್ದು ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ನಡೆದಳು.

ಹಿಂದಿರುಗುವ ಬಸ್ಸಿನಲ್ಲಿ ಜನ ಕಡಿಮೆ ಇತ್ತು. ಇಬ್ಬನಿ ಅಜ್ಜಿಯ ತೊಡೆಯ ಮೇಲೆ ನಿಂತು ಕಿಟಕಿಯ ಗಾಜು ನೆಕ್ಕುತ್ತಿದ್ದಳು. ನಡೆದದ್ದನ್ನೆಲ್ಲ ನೀಲಾಂಬಿಕಾ ಹೇಳಿ ಮುಗಿಸಿದ್ದಳು. ನವನಗರದ ಹತ್ತಿರ ಫೋನು ಗುಂಯ್ ಎಂದಿತು. ಅದನ್ನು ತೆಗೆಯಲು ಅವಳಿಗೆ ಧೈರ್ಯ ಸಾಲಲಿಲ್ಲ. ಆಸ್ಪತ್ರೆಯ ಕೆಲಸ ಇನ್ನೊಬ್ಬರಿಗೆ ಹೋಯಿತು ಎಂದಿರಬೇಕು. ಒಂದು ನಿಲ್ದಾಣ ದಾಟಿದ ಮೇಲೆ ತೆಗೆದಳು.

'ಅರವತ್ತು ಕಥೆಗಳು. ಗ್ರಾಹಕರು ನಿಮ್ಮನ್ನೇ ಕೇಳಿದ್ದಾರೆ. ನಿಮ್ಮ ಕನಿಷ್ಠ ದರವನ್ನು ಲೆಕ್ಕ ಹಾಕಲು ಸಾಧ್ಯವಾಗುತ್ತಿಲ್ಲ. ದಯವಿಟ್ಟು ನೀವೇ ನಮೂದಿಸಿ.'

ಕೆಳಗೆ ಒಂದು ಖಾಲಿ ಚೌಕ.

"ಏನಂತ?" ಎಂದರು ಬಸಲಿಂಗವ್ವ.

"ಒಂದ ಕಥಿಗೆ ಎಷ್ಟ ಬೇಕು ಅಂತ ಕೇಳಾಕತ್ತೈತ್ರಿ."

"ಮೊದಲ ಕೇಳತಿದ್ದಿಲ್ಲೇನು?"

"ಇಲ್ರಿ. ಏಳು ವರ್ಷದಾಗ ಇದ ಮೊದಲು."

ಬಸಲಿಂಗವ್ವ ಕೂಸಿನ ಬಾಯಿಯನ್ನು ಗಾಜಿನಿಂದ ಬಿಡಿಸಿ ಸೆರಗಿನಿಂದ ಒರೆಸಿದರು. "ಹಂಗಾರ ಈಗಿಂದೀಗ ಹೇಳಬ್ಯಾಡ. ಮನಿಗೆ ಹೋಗಿ, ಉಂಡು, ಕೂಸಿನ್ನ ಮಲಗಿಸಿ, ಸಾವಕಾಶ ವಿಚಾರ ಮಾಡು."

"ತಡಾ ಆದರ?"

"ಆಗಲಿ. ಕೇಳಿದವರು ಕಾಯಬೇಕು."

ನೀಲಾಂಬಿಕಾ ಫೋನನ್ನು ಚೀಲದೊಳಗೆ ಹಾಕಿ, ಕೂಸಿಗೆ ಕೈ ಚಾಚಿದಳು.